ನಿಮಗಿದು ಗೊತ್ತೆ? ಕೇಳಬಲ್ಲ, ಮಾತಾಡಲಾರದ ಪೊಲೀಸ್ ರೇಡಿಯೋ
ಪೊಲೀಸರ ಹಾಗೂ ಅಗ್ನಿಶಾಮಕ ದಳದವರ ವಾಕಿಟಾಕಿಗಳಿಂದ ಹೆಸರಾಗಿರುವ ಅಮೆರಿಕದ ಮೊಟೊರೋಲಾ ಸಂಸ್ಥೆಯು 1936ರಲ್ಲಿ ಪೊಲೀಸ್ ಕಾರುಗಳಿಗೆಂದು ತಯಾರಿಸಿದ ‘ಪೊಲೀಸ್ ಕ್ರೂಸರ್’ ರೇಡಿಯೋ ಇಲಾಖೆಯ ಪ್ರಸಾರವನ್ನು ಕೇಳಿಸುತ್ತಿತ್ತೇ ಹೊರತು, ಕಾರಿನಲ್ಲಿದ್ದವರು ಅದರ ಮೂಲಕ ಮರುಮಾತಾಡುವಂತಿರಲಿಲ್ಲ. ಒಂದೇ ಕಂಪನಾಂಕಕ್ಕೆ, ಅಂದರೆ ಒಂದೇ ಕೇಂದ್ರದ ಪ್ರಸಾರಕ್ಕೆ, ಅದನ್ನು ಮೊದಲೇ ಹೊಂದಿಸಿಡಲಾಗುತ್ತಿತ್ತು.

ಪಾಲ್ ಮತ್ತು ಜೋಸೆಫ್ ಗ್ಯಾಲ್ವಿನ್ ಸೋದರರು 1928ರಲ್ಲಿ ಶಿಕಾಗೋದಲ್ಲಿ ಆರಂಭಿಸಿದ ಈ ಕಂಪನಿಯ ಮೊದಲ ಸರಕಂತೂ ರೇಡಿಯೋವೇ ಅಲ್ಲ. ಬ್ಯಾಟರಿಯಿಂದ ನಡೆಯುತ್ತಿದ್ದ ರೇಡಿಯೋವನ್ನು ಮನೆಯ ವಿದ್ಯುತ್ತಿನಿಂದಲೇ ನಡೆಸುವ ಒಂದು ಸಾಧನ. ಮೊಟೊರೋಲಾ ಎಂಬುದು 1930ರಲ್ಲಿ ಅದರ ಕಾರ್ ರೇಡಿಯೋಗೆ ಇಟ್ಟ ಹೆಸರಾಗಿದ್ದು, ಕಂಪನಿಗೂ ಅದೇ ಹೆಸರು ಬಂದದ್ದು 1947ರಲ್ಲಿ.

ಅಲೆಯ ಎತ್ತರವನ್ನು ಬದಲಿಸದೆ ಕಂಪನಾಂಕವನ್ನು ಏರಿಳಿಸಿ ಧ್ವನಿಯನ್ನು ಸಾಗಿಸುವ, ಹಾಗಾಗಿಯೇ ಗರಗರ ಸದ್ದು ಕಡಿಮೆಯಿರುವ ಎಫ್‌ಎಂ ವಿಧಾನದಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗೆ ದ್ವಿಮುಖ ಸಂಪರ್ಕ ವ್ಯವಸ್ಥೆಯನ್ನು ರೂಪಿಸಿದ್ದ ಪ್ರಾಧ್ಯಾಪಕ ಡೇನಿಯಲ್ ನೋಬಲ್ 1940ರಲ್ಲಿ ಈ ಕಂಪನಿಯನ್ನು ಸೇರಿದರು. ಯುದ್ಧಕಾಲದಲ್ಲಿ ಅವರ ತಂಡ ಸೈನಿಕರಿಗಾಗಿ ಸಿದ್ಧಪಡಿಸಿದ ಎಫ್‌ಎಂ ವಾಕಿಟಾಕಿಯನ್ನು ಕೈಯಲ್ಲಲ್ಲ, ಬೆನ್ನ ಮೇಲೆ ಹೊರಬೇಕಿತ್ತು: ಅದರ ತೂಕ ಸುಮಾರು 16 ಕಿಲೋ.