ಲೋಕಲ್ ರೈಲಿನ ಹಾರ್ನ್ ಮತ್ತು ಮುಂಬಯಿಯ ಮಳೆ



ಮಳೆಗಾಲದಲ್ಲಿ ನೀವು ಈ ಮಾತನ್ನು ಎಷ್ಟೋ ಸಲ ಕೇಳಿರುತ್ತೀರಿ: "ಮುಂದಿನ ಮೂರು ಗಂಟೆಗಳಲ್ಲಿ ಮುಂಬಯಿ, ಠಾಣೆಯಲ್ಲಿ ಭಾರಿ ಮಳೆ ಸಾಧ್ಯತೆ." ಮೂರೇ ಗಂಟೆ ಏಕೆ? ಇದಕ್ಕೆ ಉತ್ತರ ಹುಡುಕಲು ಮೊದಲು ಮಾಟುಂಗಾ ನಿಲ್ದಾಣಕ್ಕೆ ಹೋಗೋಣ ಬನ್ನಿ.

ಸ್ಲೋ ಲೋಕಲ್‌ಗೆ ಕಾಯುತ್ತಿದ್ದೀರಿ. ಪಕ್ಕದ ಹಳಿಯಲ್ಲಿ ಫಾಸ್ಟ್ ಲೋಕಲ್ ಹಾರ್ನ್ ಹಾಕುತ್ತಾ ನಿಲ್ಲದೆ ಹೋಗುತ್ತದೆ. ಹತ್ತಿರ ಬರುವಾಗ ಹಾರ್ನಿನ ಶ್ರುತಿ ಏರಿರುತ್ತದೆ, ನಿಮ್ಮನ್ನು ದಾಟುತ್ತಲೇ ಇಳಿದುಬಿಡುತ್ತದೆ. ಚಾಲಕರೇನೂ ಹಾರ್ನ್ ಬದಲಿಸಿಲ್ಲ! ರೈಲು ನಮ್ಮತ್ತ ಬರುವಾಗ ಶಬ್ದದ ಅಲೆಗಳು ಒತ್ತೊತ್ತಾಗಿ ಕಿವಿ ಸೇರುತ್ತವೆ, ದೂರ ಸರಿಯುವಾಗ ಬಿಡಿಬಿಡಿಯಾಗಿ. ಗಂಟೆಗೆ 90 ಕಿ.ಮೀ. ವೇಗದ ರೈಲಾದರೆ, ಹಾರ್ಮೋನಿಯಂನಲ್ಲಿ 'ರಿ'ಯಿಂದ 'ಸ'ಕ್ಕೆ ಇಳಿದದ್ದಕ್ಕಿಂತ ತುಸು ಹೆಚ್ಚೇ ಇಳಿತ.

ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ್ದು ಇದನ್ನೇ. ಮೂರು ವರ್ಷಗಳ ನಂತರ ಹಾಲೆಂಡಿನಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಬದಿಯಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ ಪರೀಕ್ಷೆಯನ್ನೂ ಮಾಡಿದರು. ಡಾಪ್ಲರ್ ಮಾತು ನಿಜವಾಯಿತು.

ಸಿನಿಮಾದಲ್ಲೂ, ಚಂದ್ರನಲ್ಲೂ

'ಸ್ಟಾರ್ ವಾರ್ಸ್' (1977) ಚಿತ್ರದಲ್ಲಿ ಆಕಾಶನೌಕೆಗಳು ನಮ್ಮ ಫಾಸ್ಟ್ ಲೋಕಲ್ ಹಾಗೆಯೇ 'ಭರ್ರ್' ಎಂದು ಹಾದುಹೋಗುತ್ತವೆ. ಕೇಳಲು ಚೆನ್ನ, ಆದರೆ ಸುಳ್ಳು. ಶಬ್ದ ಸಾಗಲು ಗಾಳಿ ಬೇಕು, ಬಾಹ್ಯಾಕಾಶದಲ್ಲಿ ಗಾಳಿ ಎಲ್ಲಿದೆ? 1968ರ '2001: ಎ ಸ್ಪೇಸ್ ಒಡಿಸ್ಸಿ' ಈ ವಿಷಯದಲ್ಲಿ ಪ್ರಾಮಾಣಿಕ. ಅಲ್ಲಿ ನೌಕೆಯ ಹೊರಗೆ ಎಂಜಿನಿನ ಸದ್ದಿಲ್ಲ.

ಆದರೆ ರೇಡಿಯೋ ಅಲೆಗಳಿಗೆ ಗಾಳಿಯ ಹಂಗಿಲ್ಲ, ಡಾಪ್ಲರ್ ನಿಯಮ ಅವಕ್ಕೂ ಅನ್ವಯಿಸುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದದ್ದನ್ನು ನೀವೂ ಟೀವಿಯಲ್ಲಿ ನೋಡಿರಬೇಕು. ಇಳಿಯಲು ಶುರು ಮಾಡಿದಾಗ ಅದರ ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. ಇಂಥ ವೇಗದಿಂದ ರೇಡಿಯೋ ಸಂಕೇತದ ಕಂಪನಾಂಕದಲ್ಲಿ ಆಗುವ ಬದಲಾವಣೆ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ. ಇಂಥ ಕೇಂದ್ರಗಳು ಅಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಿ ನೌಕೆಯ ವೇಗವನ್ನು ಲೆಕ್ಕ ಹಾಕುತ್ತವೆ. ಕ್ರಿಕೆಟ್‌ನಲ್ಲಿ ಬೌಲರನ ವೇಗ ಅಳೆಯುವ ಸ್ಪೀಡ್ ಗನ್ ಕೂಡ ಇದೇ ವಂಶದ ಕುಡಿ.

944 ಮತ್ತು 73

ಈಗ ನಮ್ಮ ಮಳೆಗೆ ಬರೋಣ. 2005ರ ಜುಲೈ 26ನ್ನು ಮುಂಬಯಿಯವರು ಮರೆಯುವುದುಂಟೇ? 2009ರಲ್ಲಿ ಬಂದ ಹಿಂದಿ ಚಿತ್ರ 'ತುಮ್ ಮಿಲೇ'ಗೆ ಆ ಪ್ರಳಯವೇ ಹಿನ್ನೆಲೆ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಸುರಿದದ್ದು 944 ಮಿ.ಮೀ. ಅದೇ ದಿನ ಅದೇ ಊರಿನ ಕೊಲಾಬಾದಲ್ಲಿ ಸುಮಾರು 73 ಮಿ.ಮೀ. ಮಾತ್ರ! ದಕ್ಷಿಣದಲ್ಲಿ ಕಚೇರಿಯಲ್ಲಿದ್ದವರಿಗೆ ಉಪನಗರದಲ್ಲಿರುವ ತಮ್ಮ ಮನೆ ಮುಳುಗುತ್ತಿದೆ ಎಂದು ಆಕಾಶ ನೋಡಿ ತಿಳಿಯುವಂತಿರಲಿಲ್ಲ. ಆಗ ಮುಂಬಯಿಯಲ್ಲಿ ಡಾಪ್ಲರ್ ಹವಾಮಾನ ರಾಡಾರ್ ಇರಲಿಲ್ಲ.

ಈ ರಾಡಾರ್ ರೇಡಿಯೋ ಅಲೆಗಳನ್ನು ಮೋಡದತ್ತ ಚಿಮ್ಮಿಸಿ, ಮಳೆಹನಿಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ಪ್ರತಿಧ್ವನಿ ಬಲವಾಗಿದ್ದರೆ ಮಳೆ ಜೋರು. ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಕಂಪನಾಂಕ ಏರಿದ್ದರೆ ಹನಿಗಳು ನಮ್ಮತ್ತ ಬರುತ್ತಿವೆ, ಇಳಿದಿದ್ದರೆ ದೂರ ಹೋಗುತ್ತಿವೆ. ಮಾಟುಂಗಾದ ಹಾರ್ನಿನ ಲೆಕ್ಕವೇ!

ಒಂದು ತೊಡಕಿದೆ. ರಾಡಾರ್‌ಗೆ ತಿಳಿಯುವುದು ತನ್ನತ್ತ ಬರುವ ಅಥವಾ ತನ್ನಿಂದ ದೂರವಾಗುವ ಚಲನೆ ಮಾತ್ರ. ಅದಕ್ಕೆ ಅಡ್ಡಲಾಗಿ ಸಾಗುವ ಹನಿಗಳ ವೇಗ ಸೊನ್ನೆಯಂತೆ ಕಾಣುತ್ತದೆ. ಆದ್ದರಿಂದ ಇನ್ನೊಂದು ಕೋನದಿಂದ ನೋಡುವ ಎರಡನೇ ಕಣ್ಣಿದ್ದರೆ ಒಳ್ಳೆಯದು. 2005ರ ನಂತರ ಕೊಲಾಬಾದಲ್ಲಿ ಒಂದು, 2022ರಲ್ಲಿ ವೆರಾವಲಿಯಲ್ಲಿ ಇನ್ನೊಂದು ಡಾಪ್ಲರ್ ರಾಡಾರ್ ಬಂದವು.

ಹಾಗಾದರೆ ಮೂರೇ ಗಂಟೆ ಏಕೆ?

ರಾಡಾರ್ ಕಾಣುವುದು ಆಗಲೇ ಹುಟ್ಟಿದ ಹನಿಗಳನ್ನು, ನಾಳೆ ಹುಟ್ಟುವ ಮೋಡವನ್ನಲ್ಲ. ಅಬ್ಬರದ ಮಳೆಮೋಡಗಳು ಕೆಲವೇ ಗಂಟೆಗಳಲ್ಲಿ ಹುಟ್ಟಿ, ಬೆಳೆದು, ಕರಗುತ್ತವೆ. ಹೀಗಾಗಿ ಅದರ ಮಾತನ್ನು ನೆಚ್ಚಿಕೊಳ್ಳಬಹುದಾದದ್ದು ಆ ಕೆಲವು ಗಂಟೆಗಳಿಗಷ್ಟೇ. ದಿನಗಳ ಮೊದಲೇ ಬರುವ ಆರೆಂಜ್, ರೆಡ್ ಅಲರ್ಟ್‌ಗಳ ಹಿಂದೆ ಉಪಗ್ರಹ ಮತ್ತು ಕಂಪ್ಯೂಟರ್ ಲೆಕ್ಕಾಚಾರಗಳ ಬಲವಿದೆ. ಅವು ಇಡೀ ಜಿಲ್ಲೆಗೆ ಹೇಳುವ ಮಾತು. ನಿಮ್ಮ ಬಡಾವಣೆಯನ್ನು ಅವು ಹೆಸರಿಸಲಾರವು.

ಈ ಮೂರು ಗಂಟೆಯ ಬೆಲೆ ಹೆಚ್ಚುತ್ತಿದೆ. ಭೂಮಿ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದದ್ದನ್ನು ಒಂದೇ ಸಲ ಸುರಿದರೆ ಗಟಾರ, ಹಳಿ, ಮಿಠಿ ನದಿ ಯಾವುದೂ ತಾಳಲಾರದು.

ಆದ್ದರಿಂದ ಶ್ರೋತೃಗಳೇ, "ಮುಂದಿನ ಮೂರು ಗಂಟೆ" ಎಂಬ ಪ್ರಕಟಣೆ ಬಂದಾಗ ಕಿಟಕಿಯಾಚೆ ಬಿಸಿಲಿದೆಯೆಂದು ಉದಾಸೀನ ಮಾಡಬೇಡಿ. ಕೊಲಾಬಾದ ಬಿಸಿಲು ಸಾಂತಾಕ್ರೂಜ್‌ನ ಬಿಸಿಲಲ್ಲ. ಶಾಲೆಯಿಂದ ಮಕ್ಕಳನ್ನು ಕರೆತರುವುದಿರಲಿ, ಡೊಂಬಿವಲಿಗೆ ಹೊರಡುವುದಿರಲಿ, ನಿರ್ಧಾರಕ್ಕೆ ನಿಮ್ಮ ಕೈಯಲ್ಲಿರುವುದು ಅಷ್ಟೇ ಸಮಯ. ಕೇಳುತ್ತಿರಿ, ಕ್ಷೇಮವಾಗಿರಿ.