ಸೋರುವುದು ಎಲ್ಲಿಂದ? ಮೋಟಾರು ಸೈಕಲ್ಲಿನ ಮುಂದಿನ ಚಕ್ರದ ಒಂದು ಸಮಸ್ಯೆ

ರಾತ್ರಿ ನಿಲ್ಲಿಸಿದ್ದ ಮೋಟಾರು ಸೈಕಲ್ಲನ್ನು ಬೆಳಗ್ಗೆ ಹೊರಕ್ಕೆ ತೆಗೆಯುವಾಗ ಮುಂದಿನ ಚಕ್ರದ ಕೆಳಗೆ ರೂಪಾಯಿಯಗಲದ ಜಿಡ್ಡಿನ ಕಲೆಯೊಂದು ಕಾಣಿಸುತ್ತದೆ. ಎಂಜಿನ್ನಿನ ಕೆಳಗೆ ಇಂಥ ಕಲೆ ಬಿದ್ದಿದ್ದರೆ ‘ಹಳೆಯ ಗಾಡಿ’ ಎಂದು ಅನೇಕರು ಸುಮ್ಮನಾಗುತ್ತಾರೆ. ಮುಂದಿನ ಚಕ್ರದ ವಿಷಯದಲ್ಲಿ ಈ ಉದಾಸೀನ ಸಲ್ಲದು. ಓಡುತ್ತಿರುವ ಗಾಡಿಯನ್ನು ಬಲವಾಗಿ ತಡೆದಾಗ ಸವಾರನ ದೇಹ ಮುಂದಕ್ಕೆ ವಾಲುವುದಷ್ಟೆ? ಗಾಡಿಯ ಭಾರವೂ ಹಾಗೆಯೇ ಮುಂದಕ್ಕೆ ಸರಿದು, ಅದರ ಮುಕ್ಕಾಲು ಪಾಲು, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಚಕ್ರವು ನೆಲವನ್ನು ಹಿಡಿಯುವ ಶಕ್ತಿ ಅದರ ಮೇಲಣ ಭಾರವನ್ನು ಅನುಸರಿಸಿರುವುದರಿಂದ, ಗಾಡಿಯನ್ನು ನಿಲ್ಲಿಸುವ ಕೆಲಸ ಬಹುಮಟ್ಟಿಗೆ ಮುಂದಿನ ಬ್ರೇಕಿನದು. ಆ ಬ್ರೇಕಿನ ಮೇಲೆ ಎಣ್ಣೆ ಬಿದ್ದರೂ ಅಪಾಯ. ಬ್ರೇಕಿನೊಳಗಿನ ದ್ರವ ಹೊರಗೆ ಹೋದರೂ ಅಪಾಯ.

ಈ ಚಕ್ರದ ಬಳಿ ಮುಖ್ಯವಾಗಿ ಎರಡು ದ್ರವಗಳು ಕೆಲಸ ಮಾಡುತ್ತಿರುತ್ತವೆ. ಮೊದಲನೆಯದು ಫೋರ್ಕಿನ ಎಣ್ಣೆ. ಚಕ್ರವನ್ನು ಎರಡು ಕಡೆಯಿಂದ ಹಿಡಿದಿರುವ ಫೋರ್ಕಿನ ಪ್ರತಿಯೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದ ಆದದ್ದು. ಒಳಗಿನ ಸ್ಪ್ರಿಂಗು ಹಳ್ಳದ ಪೆಟ್ಟನ್ನು ತಾಳಿಕೊಳ್ಳುತ್ತದೆ. ಆದರೆ ಸ್ಪ್ರಿಂಗೊಂದೇ ಇದ್ದರೆ ಗಾಡಿ ತೊಟ್ಟಿಲಿನಂತೆ ತೂಗುತ್ತಲೇ ಇರುವುದು. ಕಿರಿದಾದ ರಂಧ್ರಗಳ ಮೂಲಕ ನುಸುಳುವ ಎಣ್ಣೆ ಆ ತೂಗಾಟವನ್ನು ಅಡಗಿಸುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿ ತನ್ನ ಆರ್12 ಗಾಡಿಗೆ ಇಂಥ ಫೋರ್ಕನ್ನು ಅಳವಡಿಸಿತು. ಇಂದಿನ ಗಾಡಿಗಳಲ್ಲಿಯೂ ಮೂಲತತ್ತ್ವ ಅದೇ.

ಎರಡನೆಯದು ಬ್ರೇಕಿನ ದ್ರವ. 1969ರಲ್ಲಿ ಹೋಂಡಾ ಸಿಬಿ750 ಮಾರುಕಟ್ಟೆಗೆ ಬಂದ ತರುವಾಯ ಮೋಟಾರು ಸೈಕಲ್ಲುಗಳಲ್ಲಿ ಡಿಸ್ಕ್ ಬ್ರೇಕು ಹರಡಿತು. ಇದರಲ್ಲಿ ಬೆರಳಿನ ಒತ್ತಡ ದ್ರವದ ಮೂಲಕ ಕೆಳಗಿನ ಕ್ಯಾಲಿಪರಿಗೆ ಮುಟ್ಟಿ, ಪ್ಯಾಡುಗಳನ್ನು ತಟ್ಟೆಗೆ ಅದುಮುತ್ತದೆ. ಮುಂದೆ ಡ್ರಮ್ ಬ್ರೇಕು ಇರುವ ಗಾಡಿಗಳಲ್ಲಿ ತಂತಿ ಈ ಕೆಲಸ ಮಾಡುವುದರಿಂದ ಅಲ್ಲಿ ಈ ದ್ರವದ ಪ್ರಶ್ನೆಯೇ ಇಲ್ಲ.

ಇವೆರಡೂ ನೋಡಲು ಹೆಚ್ಚುಕಡಮೆ ಒಂದೇ. ಸ್ವಭಾವದಲ್ಲಿ ಮಾತ್ರ ಹಗೆಗಳು. ಫೋರ್ಕಿನ ಎಣ್ಣೆ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು. ಅದನ್ನು ತಡೆದಿಡುವ ನೈಟ್ರೈಲ್ ರಬ್ಬರಿನ ಸೀಲು ಅದಕ್ಕೆ ಜಗ್ಗುವುದಿಲ್ಲ. ಡಾಟ್ 3, ಡಾಟ್ 4 ಎಂಬ ಬ್ರೇಕು ದ್ರವಗಳು ಗ್ಲೈಕಾಲ್ ಜಾತಿಯವು. ಅವುಗಳಿಗೆ ಹೊಂದುವ ರಬ್ಬರು ಬೇರೆ. ಆ ರಬ್ಬರಿಗೆ ಪೆಟ್ರೋಲಿಯಂ ತೈಲ ತಗಲಿದರೆ ಅದು ಉಬ್ಬಿ ಮೆತ್ತಗಾಗಿ ಕೆಡುತ್ತದೆ. ಬ್ರೇಕಿನ ಬುರುಡೆಯಲ್ಲಿ ದ್ರವ ಇಳಿದಿದೆಯೆಂದು ಕೈಗೆ ಸಿಕ್ಕಿದ ಎಂಜಿನ್ ಆಯಿಲನ್ನು ಸುರಿಯುವವರು ಉಂಟು! ಅವರು ಇಡೀ ಬ್ರೇಕಿನ ರಬ್ಬರುಗಳನ್ನು ಬದಲಾಯಿಸುವ ಖರ್ಚಿಗೆ ಸಿದ್ಧರಾಗಿರಬೇಕು. ಗ್ಲೈಕಾಲ್ ದ್ರವವಾದರೋ ಬಣ್ಣದ ವೈರಿ. ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಬೊಕ್ಕೆಯೆದ್ದು ಕಿತ್ತುಬರುತ್ತದೆ.

ಆದುದರಿಂದ ಸೋರಿದ್ದು ಯಾವುದೆಂದು ತಿಳಿಯುವುದೇ ಮೊದಲ ಹೆಜ್ಜೆ. ಒಂದು ಹನಿಯನ್ನು ಬಿಳಿಯ ಕಾಗದದಿಂದ ಎತ್ತಿ ನೀರಿರುವ ಗಾಜಿನ ಲೋಟದಲ್ಲಿ ಅದ್ದಿರಿ. ಫೋರ್ಕಿನ ಎಣ್ಣೆ ಬಣ್ಣಬಣ್ಣದ ಪೊರೆಯಾಗಿ ನೀರಿನ ಮೇಲೆ ತೇಲುತ್ತದೆ. ಗ್ಲೈಕಾಲ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ. ಡಾಟ್ 5 ಎಂಬ ಸಿಲಿಕೋನ್ ದ್ರವ ಮಾತ್ರ ಬೆರೆಯದು. ನಿಮ್ಮ ಗಾಡಿಯದು ಯಾವುದೆಂಬುದು ಬುರುಡೆಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ರೇಡಿಯೇಟರು ಇರುವ ಗಾಡಿಗಳಲ್ಲಿ ಅದರ ನೀರೂ ತೊಟ್ಟಿಕ್ಕಬಹುದು, ಆದರೆ ಅದಕ್ಕೆ ಹಸಿರೋ ಕೆಂಪೋ ಬಣ್ಣವಿದ್ದು ಜಿಡ್ಡು ಕಡಮೆ. ಯಾವುದನ್ನೂ ನಾಲಗೆಗೆ ಮುಟ್ಟಿಸಿ ನೋಡಬೇಡಿ, ಇವು ವಿಷ.

ಎರಡನೆಯ ಹೆಜ್ಜೆಯಲ್ಲಿಯೇ ಬಹುಮಂದಿ ಎಡವುವುದು. ಒದ್ದೆಯಾಗಿರುವ ಜಾಗವೇ ಸೋರುವ ಜಾಗವೆಂದು ಅವರು ಭಾವಿಸುತ್ತಾರೆ. ನನ್ನ ಮಿತ್ರರೊಬ್ಬರ ಗಾಡಿಯಲ್ಲಿ ಕ್ಯಾಲಿಪರು ಸದಾ ಜಿಡ್ಡಾಗಿರುತ್ತಿತ್ತು. ಮೆಕ್ಯಾನಿಕ್ ಎರಡು ಬಾರಿ ಪ್ಯಾಡುಗಳನ್ನು ಬದಲಾಯಿಸಿಕೊಟ್ಟನು. ಎರಡು ಬಾರಿಯೂ ತಿಂಗಳೊಳಗೆ ಬ್ರೇಕು ಮತ್ತೆ ಜಾರತೊಡಗಿತು. ಕ್ಯಾಲಿಪರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಮೇಲಿದ್ದ ಫೋರ್ಕಿನ ಸೀಲು ಹರಿದು, ಎಣ್ಣೆ ಕಾಲಿನ ಗುಂಟ ಇಳಿದು ಅಲ್ಲಿ ಸೇರುತ್ತಿತ್ತು.

ಹರಿಯುವ ದ್ರವಕ್ಕೆ ಮೂರು ಒಡೆಯರು. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಎದುರು ಗಾಳಿ ಹಿಂದಕ್ಕೆ ತಳ್ಳುತ್ತದೆ. ತಿರುಗುವ ಚಕ್ರ ನಡುವಿನಿಂದ ಅಂಚಿಗೆ ಎಸೆಯುತ್ತದೆ. ಆದ್ದರಿಂದ ಒದ್ದೆಯ ಭಾಗದಲ್ಲಿ ಅತ್ಯಂತ ಮೇಲೆ, ಅತ್ಯಂತ ಮುಂದೆ ಇರುವ ಬಿಂದುವನ್ನು ಹುಡುಕಬೇಕು. ಚಕ್ರದ ನಡುವಿನಿಂದ ಕಿರಣಗಳಂತೆ ಗೆರೆಗಳು ಹೊರಟಿದ್ದರೆ ಅದು ಬೇರಿಂಗಿನ ಗ್ರೀಸು. ಫೋರ್ಕಿನ ಹೊಳೆಯುವ ಕೊಳವೆ ಒಣಗಿದ್ದು, ಕಾಲಿನ ತಳ ಮಾತ್ರ ತೇವವಾಗಿದ್ದರೆ ತಳದ ಬೋಲ್ಟಿನ ವಾಷರು ಸವೆದಿದೆ. ಹ್ಯಾಂಡಲ್ಲಿನ ಬಳಿ ಬ್ರೇಕ್ ಲಿವರಿನ ಬುಡವೇ ಒದ್ದೆಯಾಗಿದ್ದರೆ, ಕೆಳಗಿನ ಕಲೆಗೆ ಮೂಲ ಅಲ್ಲಿನ ಮಾಸ್ಟರ್ ಸಿಲಿಂಡರ್.

ಸಂಶಯ ಉಳಿದರೆ ಎಲ್ಲವನ್ನೂ ತೊಳೆದು, ಒಣಗಿಸಿ, ಫೋರ್ಕಿನ ಕಾಲಿಗೂ ಬ್ರೇಕಿನ ಕೊಳವೆಯ ಸಂದುಗಳಿಗೂ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿರಿ. ಬ್ರೇಕಿನ ತಟ್ಟೆಗೆ ತಗಲದಿರಲಿ. ಮೊದಲು ಲಿವರನ್ನು ಬಿಗಿಯಾಗಿ ಒಂದು ನಿಮಿಷ ಹಿಡಿಯಿರಿ. ಆಗ ಪೌಡರು ಕಪ್ಪಗಾದರೆ, ಇಲ್ಲವೆ ಲಿವರು ಮೆಲ್ಲಮೆಲ್ಲನೆ ಒಳಕ್ಕೆ ಇಳಿದರೆ, ದೋಷ ಬ್ರೇಕಿನಲ್ಲಿದೆ. ಆ ಗಾಡಿಯನ್ನು ಏರದೆ ತಳ್ಳಿಕೊಂಡೇ ಹೋಗಬೇಕು. ಏನೂ ಆಗದಿದ್ದರೆ, ಬ್ರೇಕು ಹಿಡಿದೇ ಫೋರ್ಕನ್ನು ಹತ್ತು ಹನ್ನೆರಡು ಸಲ ಒತ್ತಿ ಬಿಡಿರಿ. ಕೊಳವೆಯ ಮೇಲೆ ತೆಳುವಾದ ಹೊಳಪು ಕಂಡರೆ ಚಿಂತೆಯಿಲ್ಲ, ಸೀಲು ಸರಾಗವಾಗಿ ಜಾರಲು ಅಷ್ಟು ಬೇಕು. ಉಂಗುರದಂತೆ ದಪ್ಪ ಗೆರೆ ಮೂಡಿ, ಅಲ್ಲಿಂದ ಹನಿ ಇಳಿದರೆ ಸೀಲು ಕೆಟ್ಟಿದೆ. ಹೊಸ ಸೀಲನ್ನು ಕೂಡಿಸುವ ಮೊದಲು ಕೊಳವೆಯ ಮೇಲೆ ಉಗುರನ್ನು ಓಡಿಸಿ ನೋಡಬೇಕು. ತುಕ್ಕಿನ ಗುಳಿಗೆ ಉಗುರು ತಡೆದರೆ, ಅದೇ ಗುಳಿ ಹೊಸ ಸೀಲನ್ನೂ ಹರಿಯುತ್ತದೆ.

ಎಣ್ಣೆ ಕುಡಿದ ಪ್ಯಾಡುಗಳನ್ನು ಉಜ್ಜಿ ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ. ಅವುಗಳ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ ಎಣ್ಣೆ, ಬ್ರೇಕು ಬಿಸಿಯಾದೊಡನೆ ಮೇಲಕ್ಕೆ ಬರುತ್ತದೆ. ಲೋಹದ ತಟ್ಟೆಯನ್ನಾದರೆ ಆಲ್ಕೊಹಾಲಿನಿಂದ ಒರೆಸಿದರೆ ಸಾಕು.

ಇನ್ನೊಂದು ಮಾತು. ಎಲ್ಲಿಯೂ ಒದ್ದೆಯಿಲ್ಲದೆ ಬುರುಡೆಯಲ್ಲಿ ದ್ರವದ ಮಟ್ಟ ಇಳಿದಿರುವುದೂ ಉಂಟು. ಪ್ಯಾಡು ಸವೆದಷ್ಟೂ ಕ್ಯಾಲಿಪರಿನ ಪಿಸ್ಟನ್ ಹೊರಕ್ಕೆ ಸರಿದು, ಅದರ ಹಿಂದಿನ ಜಾಗವನ್ನು ತುಂಬಲು ದ್ರವ ಕೆಳಗೆ ಹೋಗುತ್ತದೆ, ಇದು ಸೋರಿಕೆಯಲ್ಲ. ಹೀಗಿರುವಾಗ ಅವಸರದಿಂದ ಬುರುಡೆಯನ್ನು ತುಂಬಿಸಿದರೆ, ಹೊಸ ಪ್ಯಾಡು ಹಾಕಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದ ದಿನ ಹೆಚ್ಚಿನ ದ್ರವ ಉಕ್ಕಿ ಟ್ಯಾಂಕಿನ ಬಣ್ಣದ ಮೇಲೆ ಬೀಳುತ್ತದೆ.