ಚಹಾ ಬಣ್ಣದ ಹೊಳೆ, ಐದು ಜಲಪಾತ

ಅಮೆರಿಕದ ಭೂಪಟದಲ್ಲಿ ಪಂಚ ಮಹಾಸರೋವರಗಳನ್ನು ಹುಡುಕಿ. ಎಲ್ಲಕ್ಕಿಂತ ಮೇಲೆ ಕಾಣುವ, ಎಲ್ಲಕ್ಕಿಂತ ದೊಡ್ಡದಾದ ಸರೋವರವೇ ಸುಪೀರಿಯರ್. ಅದರ ದಕ್ಷಿಣಕ್ಕೆ, ಮಿಷಿಗನ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ ಬೆಸೆಮರ್ ಎಂಬ ಚಿಕ್ಕ ಊರಿದೆ. ಉಕ್ಕು ತಯಾರಿಕೆಯ ಪಾಠದಲ್ಲಿ ಬರುವ ಹೆನ್ರಿ ಬೆಸೆಮರ್‌ನ ಹೆಸರೇ ಇದಕ್ಕೆ. ಏಕೆಂದರೆ ಇದು ಕಬ್ಬಿಣದ ಅದಿರಿನ ಸೀಮೆ. ಇಲ್ಲಿಂದ ಉತ್ತರಕ್ಕೆ ಹೊರಡುವ ರಸ್ತೆ ಒಟಾವಾ ರಾಷ್ಟ್ರೀಯ ಅರಣ್ಯದೊಳಗೆ ಸಾಗಿ, ಸುಮಾರು 24 ಕಿ.ಮೀ. ಕಳೆದ ಮೇಲೆ ಸರೋವರದ ದಡದಲ್ಲಿ ಮುಗಿಯುತ್ತದೆ. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ರಸ್ತೆಯ ಬದಿಗೇ ಬ್ಲ್ಯಾಕ್ ರಿವರ್ ಹರಿಯುತ್ತದೆ. ಅದರ ಐದು ಜಲಪಾತಗಳನ್ನು ನೋಡಲು ಅರ್ಧ ದಿನವೂ ಸಾಲದು.

ಜೋಗದ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇವು ಚಿಕ್ಕವೆನಿಸಬಹುದು. ಯಾವುದೂ 15 ಮೀಟರ್ ದಾಟುವುದಿಲ್ಲ. ಇಲ್ಲಿ ನೋಡಬೇಕಾದದ್ದು ನೀರಿಗಿಂತ ಹೆಚ್ಚಾಗಿ ನೀರಿನ ಕೆಳಗಿನ ಕಲ್ಲನ್ನು.

ಸುಮಾರು 110 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕ ಖಂಡ ಇಲ್ಲಿ ಸೀಳತೊಡಗಿತು. ಬಿರುಕಿನಿಂದ ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಹಲವು ಕಿ.ಮೀ. ದಪ್ಪಕ್ಕೆ ಹೆಪ್ಪುಗಟ್ಟಿತು. ನಮ್ಮ ಬೆಳಗಾವಿ, ವಿಜಯಪುರಗಳ ಕಡೆಯ ಕಪ್ಪು ಬಸಾಲ್ಟ್ ಕೂಡ ಹೀಗೇ ಉಕ್ಕಿದ್ದು; ಅದರ ವಯಸ್ಸು ಮಾತ್ರ ಸುಮಾರು 6.6 ಕೋಟಿ ವರ್ಷ. ಸೀಳು ಹಾಗೆಯೇ ಮುಂದುವರಿದಿದ್ದರೆ ನಡುವೆ ಸಾಗರವೇ ಹುಟ್ಟುತ್ತಿತ್ತು. ಏಕೋ ಅದು ಅರ್ಧಕ್ಕೇ ನಿಂತಿತು. ಲಾವಾದ ಭಾರಕ್ಕೆ ನೆಲ ಬಾಣಲೆಯಂತೆ ಕುಸಿಯಿತು. ಅದರೊಳಕ್ಕೆ ಹಳೆಯ ನದಿಗಳು ಉರುಟು ಕಲ್ಲು, ಮರಳು, ಕೆಸರು ತಂದು ತುಂಬಿದವು. ಬಹಳ ಕಾಲದ ನಂತರ ಹಿಮನದಿಗಳು ಬಂದು ಇದೇ ತಗ್ಗನ್ನು ಕೆರೆದವು. ಸುಮಾರು 10,000 ವರ್ಷಗಳ ಹಿಂದೆ ಮಂಜು ಕರಗಿ ಹಿಂದೆ ಸರಿದಾಗ ಉಳಿದದ್ದೇ ಈಗಿನ ಸರೋವರ.

ಬಾಣಲೆಯ ದಕ್ಷಿಣದ ಅಂಚೇ ಈ ಕಾಡು. ಕಲ್ಲಿನ ಪದರಗಳೆಲ್ಲ ಇಲ್ಲಿ ಸರೋವರದ ಕಡೆಗೆ ಇಳಿಜಾರಾಗಿವೆ. ಆದ್ದರಿಂದ ಉತ್ತರಕ್ಕೆ ಹೋದಷ್ಟೂ ಹಳೆಯ ಪದರ ಹಿಂದುಳಿದು ಹೊಸದು ಎದುರಾಗುತ್ತದೆ. ಗಟ್ಟಿ ಪದರ ನಿಲ್ಲುತ್ತದೆ, ಮೆದುವಾದದ್ದು ಸವೆಯುತ್ತದೆ. ಹೊಳೆ ಆ ಮೆಟ್ಟಿಲಿನಿಂದ ಧುಮುಕುತ್ತದೆ.

ಮೊದಲನೆಯದು ಗ್ರೇಟ್ ಕಾಂಗ್ಲೋಮರೇಟ್. ಹೆಸರೇ ಕಲ್ಲಿನದು. ಕಾಂಕ್ರೀಟಿನಲ್ಲಿ ಜಲ್ಲಿ ಸೇರಿಕೊಂಡಂತೆ ನುಣುಪಾದ ಗುಂಡುಕಲ್ಲುಗಳು ಅಂಟಿಕೊಂಡು ಆದ ಶಿಲೆ ಅದು. ಅದರ ದೊಡ್ಡ ಗುಡ್ಡೆಯೊಂದು ಹೊಳೆಯ ನಡುವೆ ನಿಂತು ನೀರನ್ನು ಎರಡಾಗಿ ಸೀಳಿದೆ. ಆಮೇಲೆ ಆದಿವಾಸಿ ಜನಾಂಗವೊಂದರ ಹೆಸರು ಹೊತ್ತ ಪೊಟವಾಟಮಿ, ಇಕ್ಕಟ್ಟಾದ ಕಂದರದ ಗಾರ್ಜ್, ಮರಳುಗಲ್ಲಿನ ಹೆಸರಿನ ಸ್ಯಾಂಡ್‌ಸ್ಟೋನ್. ಪೊಟವಾಟಮಿ ಮತ್ತು ಗಾರ್ಜ್‌ಗಳ ನಡುವೆ ನಡೆದೇ ಹೋಗಬಹುದು. ಕೊನೆಯದು ರೇನ್‌ಬೋ. ಹೆಸರು ಕೇಳಿ ಯಾವ ಹೊತ್ತಿನಲ್ಲಾದರೂ ಕಾಮನಬಿಲ್ಲು ಕಂಡೀತು ಎಂದುಕೊಳ್ಳಬಾರದು. ಸೂರ್ಯ ನೋಡುವವನ ಬೆನ್ನ ಹಿಂದಿರಬೇಕು, ಎದುರಿಗೆ ತುಂತುರು ಇರಬೇಕು. ಬಿಲ್ಲು ಕಾಣುವುದು ನಮ್ಮ ತಲೆಯ ನೆರಳಿರುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ. ಮನೆಯಂಗಳದ ಗಿಡಗಳಿಗೆ ಪೈಪಿನಿಂದ ನೀರು ಚಿಮುಕಿಸುವಾಗ ಮಕ್ಕಳು ಇದನ್ನು ಪರೀಕ್ಷಿಸಬಹುದು.

ಹೊಳೆಯ ಬಣ್ಣ ಹಾಲಿಲ್ಲದ ಚಹಾದ್ದು. ಕಾರಣವೂ ಹೆಚ್ಚುಕಡಿಮೆ ಅದೇ. ಮೇಲ್ಭಾಗದ ಜೌಗು ನೆಲದಲ್ಲಿ ಕೊಳೆತ ಎಲೆ, ತೊಗಟೆಗಳ ಟ್ಯಾನಿನ್ ಮೊದಲಾದ ವಸ್ತುಗಳು ನೀರಿಗಿಳಿದಿವೆ. ಜಲಪಾತದ ಬುಡದಲ್ಲಿ ತೇಲುವ ಕಂದು ನೊರೆಯನ್ನು ಸಾಬೂನು ಎಂದು ಭಾವಿಸುವವರಿದ್ದಾರೆ. ಕರಗಿದ ಸಸ್ಯಾಂಶ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ, ನೀರು ಕಡೆದಾಗ ಗುಳ್ಳೆಗಳು ಬೇಗ ಒಡೆಯದೆ ನೊರೆಯಾಗುತ್ತವೆ, ಅಷ್ಟೆ.

ದಾರಿಯಲ್ಲಿ ಗುಡ್ಡದ ಮೇಲೆ ಉಕ್ಕಿನ ಎತ್ತರದ ಅಟ್ಟಣಿಗೆಯೊಂದು ಕಾಣುತ್ತದೆ. ಅದು ಕಾಪರ್ ಪೀಕ್, ಸ್ಕೀ ಹಾರಾಟದ ಜಾರುಬಂಡೆ. ಅಲ್ಲಿ ಕಡೆಯ ಸ್ಪರ್ಧೆ ನಡೆದದ್ದು 1994ರಲ್ಲಿ. ಕಾಪರ್, ಅಂದರೆ ತಾಮ್ರ, ಈ ಸೀಮೆಯ ಭಾಗ್ಯವೂ ಹೌದು, ತಲೆನೋವೂ ಹೌದು. ಸೀಳಿನ ಕಾಲದ ಬಿಸಿನೀರು ಮತ್ತು ಲವಣಗಳು ತಾಮ್ರವನ್ನು ಈ ಕಲ್ಲುಗಳೊಳಗೆ ಸೇರಿಸಿವೆ. ಪೂರ್ವಕ್ಕಿರುವ ವೈಟ್ ಪೈನ್ ಗಣಿ 1995ರವರೆಗೆ ತಾಮ್ರ ತೆಗೆದದ್ದು ನಾನ್‌ಸಚ್ ಎಂಬ ಪದರದಿಂದ. ಅದೇ ಪದರಕ್ಕೆ, ಈ ಹೊಳೆಗೂ ಸರೋವರಕ್ಕೂ ಹತ್ತಿರದಲ್ಲೇ, ಹೊಸ ಗಣಿ ತೋಡುವ ಪ್ರಸ್ತಾಪ ಹಲವು ವರ್ಷಗಳಿಂದ ವಾದಕ್ಕೆ ಎಡೆಮಾಡಿದೆ. ಊರಿನವರಲ್ಲಿ ಕೆಲಸ ಬೇಕೆನ್ನುವವರಿದ್ದಾರೆ, ನೀರು ಉಳಿಯಲಿ ಎನ್ನುವವರೂ ಇದ್ದಾರೆ. ತಾಮ್ರದ ಅಂಶ ಅದಿರಿನಲ್ಲಿ ಅತಿ ಕಡಿಮೆ. ತೆಗೆದ ಕಲ್ಲಿನ ಬಹುಪಾಲು ಪುಡಿಯಾಗಿ ಅಲ್ಲೇ ಉಳಿಯುತ್ತದೆ ಎಂಬುದನ್ನು ಎರಡೂ ಕಡೆಯವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಜಲಪಾತಗಳಿಗೆ ಹೋಗುವ ಮೆಟ್ಟಿಲುಗಳು ಮಳೆಯಲ್ಲಿ ಜಾರುತ್ತವೆ. ಹಿಂದಿರುಗುವಾಗ ಹತ್ತಬೇಕಾದವೂ ಅವೇ. ದಾರಿಯ ಕೊನೆಯಲ್ಲಿ ತೂಗುಸೇತುವೆಯೊಂದಿದೆ. ಅದನ್ನು ದಾಟಿದರೆ ಹೊಳೆಯ ಕಂದು ನೀರು ಸರೋವರದ ತಿಳಿನೀರಿಗೆ ಸೇರುವುದನ್ನು ನೋಡಬಹುದು. ದಡದ ಉರುಟು ಕಲ್ಲೊಂದನ್ನು ಕೈಗೆತ್ತಿಕೊಳ್ಳಿ. 110 ಕೋಟಿ ವರ್ಷಗಳ ಹಿಂದೆ ಯಾವುದೋ ನದಿಯಲ್ಲಿ ಉರುಳಿ ನುಣುಪಾಗಿ, ಶಿಲೆಯೊಳಗೆ ಸೆರೆಯಾಗಿ, ಈಗ ಬಿಡುಗಡೆಯಾಗಿ ಮತ್ತೆ ಉರುಳುತ್ತಿರುವ ಕಲ್ಲು ಅದಾಗಿರಬಹುದು.